ಮಳೆ ಅಲ್ಲಿ, ಹೊಳೆ ಇಲ್ಲಿ

ತಲೆಯ ಮೇಲೆ ಬಿಸಿಲು, ಕಾಲಡಿಯಲ್ಲಿ ಮೊಣಕಾಲುದ್ದದ ತಿಳಿನೀರು, ದೂರದ ಬೆಟ್ಟದ ನೆತ್ತಿಗೆ ಕವಿದ ಕಪ್ಪು ಮೋಡ. ಬೇಸಿಗೆಯ ಗುಡುಗುಮಳೆ ಬೆಟ್ಟದ ಬುಡದಲ್ಲಿ ಜೀವ ತೆಗೆಯುವುದು ಹೀಗೆ. ಐವತ್ತು ವರ್ಷದ ಹಿಂದೆ ಒಂದೇ ರಾತ್ರಿ, ಒಂದೇ ಕಣಿವೆಯಲ್ಲಿ 144 ಮಂದಿ ಸತ್ತರು. ಹವಾಮಾನ ಹೇಳುವವರು ಅಲ್ಲಿಂದ ಕಲಿತದ್ದೇನು? ನಮ್ಮ ಘಟ್ಟದ ಬುಡಕ್ಕೆ ಆ ಪಾಠ ಎಷ್ಟು ತಲುಪಿದೆ?

2024ರ ಮೇ 17, ಶುಕ್ರವಾರ. ತಮಿಳುನಾಡಿನ ತೆಂಕಾಸಿ ಜಿಲ್ಲೆಯ ಹಳೆ ಕುಟ್ರಾಲಂ ಜಲಪಾತ.

ಶಬರಿಮಲೆಗೆ ಹೋಗಿಬರುವ ನಮ್ಮ ಕಡೆಯ ಅಯ್ಯಪ್ಪ ಭಕ್ತರು ಗಾಡಿ ನಿಲ್ಲಿಸಿ ತಲೆಯೊಡ್ಡಿ ಮೀಯುವ ಜಲಪಾತಗಳ ಊರು ಕುಟ್ರಾಲಂ. ಅಲ್ಲಿನ ಹಂಗಾಮು ಶುರುವಾಗುವುದು ಜೂನ್‌ನಲ್ಲಿ. ಆ ವರ್ಷ ಮೇ ತಿಂಗಳಲ್ಲೇ ಬೇಸಿಗೆ ಮಳೆ ಬಿದ್ದು ಬಂಡೆಯ ಮೇಲೆ ನೀರು ಇಳಿಯತೊಡಗಿತ್ತು. ಸೆಕೆಯಲ್ಲಿ ಬೆಂದ ಜನ ಮಕ್ಕಳುಮರಿ ಕಟ್ಟಿಕೊಂಡು ಬಂದಿದ್ದರು.

ಮಧ್ಯಾಹ್ನದ ಮೇಲೆ ನೀರು ಒಮ್ಮೆಲೇ ಉಕ್ಕಿತು. ಯಾರದೋ ಮೊಬೈಲಿನಲ್ಲಿ ಸೆರೆಯಾದ ಆ ಕೆಲವು ಕ್ಷಣಗಳನ್ನು ನಾವೆಲ್ಲ ನೋಡಿದ್ದೇವೆ. ಕಿರುಚಾಟ, ಮೆಟ್ಟಿಲಿನ ಕಡೆಗೆ ಓಟ, ಹಿಂದೆಯೇ ಅಟ್ಟಿಸಿಕೊಂಡು ಬಂದ ಹಾಗೆ ನೀರು. ಹದಿನೇಳು ವರ್ಷದ ಹುಡುಗನೊಬ್ಬ ಕೊಚ್ಚಿಹೋದ.

ಮಳೆ ಸುರಿದದ್ದು ಮೇಲೆ, ಪಶ್ಚಿಮ ಘಟ್ಟದ ಕಾಡಿನಲ್ಲಿ. ಆ ವಾರ ದಕ್ಷಿಣದ ಜಿಲ್ಲೆಗಳಿಗೆ ಭಾರಿ ಮಳೆಯ ಮುನ್ಸೂಚನೆ ಇತ್ತು. ಹವಾಮಾನ ಇಲಾಖೆ ಹೇಳುವುದನ್ನು ಹೇಳಿತ್ತು. ಆ ಮಾತು ಬಂಡೆಯ ಕೆಳಗೆ ಮೀಯುತ್ತ ನಿಂತವರ ಕಿವಿಯವರೆಗೆ ಬರಲಿಲ್ಲ. ಜಿಲ್ಲೆಯ ಹೆಸರಿನಲ್ಲಿ ಹೊರಟ ಎಚ್ಚರಿಕೆ ಒಂದು ಹಳ್ಳದ ಹೆಸರು ಹಿಡಿದು, ಬೇಕಾದ ಗಳಿಗೆಗೆ ಬಂದು ಮುಟ್ಟುವುದಕ್ಕೆ ಇನ್ನೆಷ್ಟು ದೂರ ಇದೆ? ಆ ಹುಡುಗನ ಸುದ್ದಿ ಓದಿದ ದಿನದಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಎಸರು ಕುದಿಯುವ ಹೊತ್ತು

ಪಂಚಾಂಗದ ಲೆಕ್ಕದಲ್ಲಿ ಅಂದು ಕೃತ್ತಿಕೆ ಮಳೆ ನಡೆಯುತ್ತಿತ್ತು. ಬೇಸಿಗೆಯ ಮಳೆಗೆ ನಮ್ಮಲ್ಲಿ ಹೆಸರುಗಳಿಗೆ ಬರವಿಲ್ಲ. ಬಯಲುಸೀಮೆಯಲ್ಲಿ ಅಡ್ಡಮಳೆ, ಕಾಫಿ ತೋಟದಲ್ಲಿ ಹೂಮಳೆ, ಮಾವಿನ ತೋಪಿನಲ್ಲಿ ಮಾವಿನ ಮಳೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ರೈತ ಕಾಯುವ ಮಳೆಯೂ ಇದೇ. ಹೀಗೆ ಬೇಡಿ ಬರಮಾಡಿಕೊಳ್ಳುವ ಮಳೆಯನ್ನು ಅಪಾಯವೆಂದು ನೋಡುವುದು ನಮ್ಮ ಮನಸ್ಸಿಗೆ ಒಗ್ಗುವುದಿಲ್ಲ.

ಮುಂಗಾರಿನ ಸ್ವಭಾವ ಬೇರೆ. ಅದು ಸಾವಿರಾರು ಕಿಲೋಮೀಟರ್ ಉದ್ದದ ಗಾಳಿಯ ಮೆರವಣಿಗೆ. ಎಲ್ಲಿಗೆ ಬಂತು, ನಾಳೆ ಎಲ್ಲಿಗೆ ಬರುತ್ತದೆ ಎಂದು ನಾಲ್ಕಾರು ದಿನ ಮೊದಲೇ ಹೇಳಬಹುದು. ಬೇಸಿಗೆಯ ಗುಡುಗುಮೋಡ ಹತ್ತು ಹದಿನೈದು ಕಿಲೋಮೀಟರ್ ಅಗಲದ್ದು. ಮಧ್ಯಾಹ್ನ ಹುಟ್ಟಿ ಸಂಜೆಗೆ ಇಲ್ಲವಾಗುವಂಥದ್ದು. ಒಂದೊಂದು ಮೋಡದ ಆಯಸ್ಸು ಹೆಚ್ಚೆಂದರೆ ಒಂದು ಗಂಟೆ.

ಒಲೆಯ ಮೇಲಿಟ್ಟ ಎಸರು ಇನ್ನೇನು ಕುದಿಯುತ್ತದೆ ಎಂದು ಅಮ್ಮ ಸದ್ದು ಕೇಳಿಯೇ ಹೇಳಬಲ್ಲಳು. ಮೊದಲ ಗುಳ್ಳೆ ಪಾತ್ರೆಯ ಯಾವ ಕಡೆ ಏಳುತ್ತದೆ ಎಂದು ಕೇಳಿದರೆ ಅವಳೇನು ಹೇಳಿಯಾಳು? ಹವಾಮಾನ ಇಲಾಖೆಯ ಕಷ್ಟ ಇಲ್ಲಿದೆ. ‘ಇವತ್ತು ದಕ್ಷಿಣ ಒಳನಾಡಿನಲ್ಲಿ ಅಲ್ಲಲ್ಲಿ ಗುಡುಗು ಸಹಿತ ಮಳೆ’ ಎಂಬ ಮಾತಿನಲ್ಲಿ ‘ಅಲ್ಲಲ್ಲಿ’ ಎಂಬ ಪದ ಬಹಳ ಪ್ರಾಮಾಣಿಕವಾದದ್ದು. ಬೆಳಿಗ್ಗೆ ಅದಕ್ಕಿಂತ ನಿಖರವಾಗಿ ಯಾರೂ ಹೇಳಲಾರರು.

ಆದರೂ ಪಾತ್ರೆ ಎಷ್ಟು ಕಾದಿದೆ ಎಂದು ಅಳೆಯಬಹುದು. ಬೆಳಗಿನ ಐದೂವರೆಯ ವೀಕ್ಷಣೆಗೆಂದು ಜಗತ್ತಿನ ನೂರಾರು ಕಡೆ ಒಂದೇ ಹೊತ್ತಿಗೆ ಬಲೂನು ಹಾರಿಸುತ್ತಾರೆ. ಮಂಗಳೂರೂ ಆ ಪಟ್ಟಿಯಲ್ಲಿದೆ. ಬಲೂನಿಗೆ ಕಟ್ಟಿದ ಪುಟ್ಟ ಪೆಟ್ಟಿಗೆ ಮೇಲೇರುತ್ತ ಶಾಖ, ತೇವ, ಗಾಳಿಯ ದಿಕ್ಕನ್ನು ರೇಡಿಯೊ ಮೂಲಕ ಕೆಳಗೆ ಕಳಿಸುತ್ತ ಹೋಗುತ್ತದೆ. ಕೆಳಗಿನ ಗಾಳಿ ಬಿಸಿಯಾಗಿ, ತೇವದಿಂದ ತುಂಬಿ, ಮೇಲಿನ ಗಾಳಿ ತಣ್ಣಗಿದ್ದರೆ ಆಕಾಶ ಅಸ್ಥಿರವಾಗಿದೆ ಎಂದು ಅರ್ಥ. ಯಾರಾದರೂ ಒಮ್ಮೆ ಎತ್ತಿ ಕೊಟ್ಟರೆ ಸಾಕು, ಮೋಡ ತಾನಾಗಿ ಹದಿನೈದು ಕಿಲೋಮೀಟರ್ ಎತ್ತರಕ್ಕೆ ಏರುತ್ತದೆ.

ಎತ್ತಿ ಕೊಡುವ ಕೆಲಸ ಬೆಟ್ಟದ್ದು. ಬಿಸಿಲಿಗೆ ಬೆಟ್ಟದ ಇಳಿಜಾರು ಬೇಗ ಕಾಯುತ್ತದೆ, ಗಾಳಿ ಅದನ್ನು ಹತ್ತುತ್ತದೆ. ನಮ್ಮ ಘಟ್ಟದಲ್ಲಿ ಮಧ್ಯಾಹ್ನ ಅರಬ್ಬಿ ಸಮುದ್ರದ ತೇವದ ಗಾಳಿ ಪಶ್ಚಿಮದಿಂದ ಏರಿ ಬರುತ್ತದೆ. ಒಳನಾಡಿನ ಒಣಗಾಳಿ ಆಚೆಯಿಂದ ಬಂದು ಅದಕ್ಕೆ ಎದುರಾಗುತ್ತದೆ. ಎರಡೂ ಸೇರುವ ಗೆರೆಯಲ್ಲಿ ಮೋಡ ಕಟ್ಟುತ್ತದೆ. ಬೆಳ್ತಂಗಡಿ, ಕಡಬ, ಸುಳ್ಯದ ಕಡೆಯವರು ಮೇ ತಿಂಗಳ ಮಧ್ಯಾಹ್ನ ಮೂಡಣ ದಿಕ್ಕಿಗೆ ಕಣ್ಣು ಹಾಯಿಸಿ, ಘಟ್ಟದಲ್ಲಿ ಕಪ್ಪಾಗಿದೆ ಎಂದು ಹೇಳುವುದು ಇದನ್ನೇ.

ಬಲೂನು ತಂದ ಅಂಕಿಗಳಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು ಮೇಲಿನ ಗಾಳಿಯ ವೇಗ. ಮೋಡವನ್ನು ತಳ್ಳಿಕೊಂಡು ಹೋಗುವುದು ಆ ಗಾಳಿ. ಅದು ಜೋರಾಗಿದ್ದರೆ ಮಳೆ ಹತ್ತೂರಿಗೆ ಹಂಚಿಹೋಗುತ್ತದೆ. ಅದು ಸತ್ತಂತಿದ್ದರೆ ಮೋಡ ಹುಟ್ಟಿದ ಬೆಟ್ಟದ ಮೇಲೇ ಕೂರುತ್ತದೆ. ಒಂದು ಕರಗುವಷ್ಟರಲ್ಲಿ ಅದೇ ಜಾಗದಲ್ಲಿ ಇನ್ನೊಂದು ಹುಟ್ಟುತ್ತದೆ, ಹತ್ತು ಊರಿನ ಮಳೆ ಒಂದೇ ಹಳ್ಳಕ್ಕೆ ಸುರಿಯುತ್ತದೆ. ಮರ ಉರುಳಿಸುವ ಬಿರುಗಾಳಿಗೆ ನಾವು ಹೆದರುತ್ತೇವೆ. ಹಳ್ಳದ ಪಾಲಿಗೆ ಎಲೆ ಅಲುಗದ ಸಂಜೆ ಅದಕ್ಕಿಂತ ಕೆಟ್ಟದ್ದು.

> ಒಂದು ಹಳ್ಳದ ಲೆಕ್ಕ
>
> ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು.
>
> ಗಂಟೆಗೆ 100 ಮಿ.ಮೀ. ಮಳೆ 20–30 ಚದರ ಕಿ.ಮೀ. ಜಾಗದಲ್ಲಿ ಸುರಿದರೆ ಅದನ್ನು ಹವಾಮಾನ ಇಲಾಖೆ ಮೇಘಸ್ಫೋಟ ಎನ್ನುತ್ತದೆ.
>
> 20 ಚದರ ಕಿ.ಮೀ. ಕಾಡಿನ ಮೇಲೆ 100 ಮಿ.ಮೀ. ಅಂದರೆ 20 ಲಕ್ಷ ಘನ ಮೀಟರ್ ನೀರು. ಅದರಲ್ಲಿ ಅರ್ಧ ಮಣ್ಣಿಗೆ ಇಂಗಿ, ಉಳಿದರ್ಧ ಒಂದೇ ಗಂಟೆಯಲ್ಲಿ ಹಳ್ಳಕ್ಕೆ ಇಳಿಯಿತು ಎಂದುಕೊಳ್ಳಿ. ಮಕ್ಕಳು ಏಡಿ ಹಿಡಿಯುವ ಹಳ್ಳದಲ್ಲಿ ಹತ್ತಿರಹತ್ತಿರ 10,000 ಕ್ಯೂಸೆಕ್ ಹರಿಯುತ್ತದೆ.

ಬಿಗ್ ಥಾಂಪ್ಸನ್: ಒಂದು ಶನಿವಾರದ ರಾತ್ರಿ

ಜಗತ್ತಿನ ಯಾವ ಮೂಲೆಯಲ್ಲೇ ಬೆಟ್ಟದ ಬುಡದ ದಿಢೀರ್ ಪ್ರವಾಹದ ಪಾಠ ನಡೆಯಲಿ, ಒಂದು ಹೆಸರು ಬಂದೇ ಬರುತ್ತದೆ. ಅಮೆರಿಕದ ಕೊಲರಾಡೊ ರಾಜ್ಯದ ಬಿಗ್ ಥಾಂಪ್ಸನ್ ಕಣಿವೆ. 2026ರ ಜುಲೈ 31ಕ್ಕೆ ಆ ದುರಂತಕ್ಕೆ ಐವತ್ತು ವರ್ಷ.

ಡೆನ್ವರ್‌ನಿಂದ ವಾಯವ್ಯಕ್ಕೆ, ರಾಕಿ ಪರ್ವತ ಬಯಲಿಗೆ ಇಳಿಯುವ ಅಂಚು ಅದು. ಮೇಲೆ ಎಸ್ಟೆಸ್ ಪಾರ್ಕ್ ಎಂಬ ಪ್ರವಾಸಿ ಊರು, ಕೆಳಗೆ ಲವ್‌ಲ್ಯಾಂಡ್. ನಡುವೆ ಸುಮಾರು 40 ಕಿಲೋಮೀಟರ್ ಉದ್ದದ ಕಣಿವೆ. ಎರಡೂ ಬದಿ ಕಡಿದಾದ ಕಲ್ಲಿನ ಗೋಡೆ, ನಡುವೆ ನದಿ, ನದಿಗೆ ಮೈ ಒತ್ತಿಕೊಂಡು 34ನೇ ಹೆದ್ದಾರಿ. ಮಗ ಸೊಸೆಯ ಮನೆಗೆಂದು ಅಮೆರಿಕಕ್ಕೆ ಹೋದ ನಮ್ಮ ಹಿರಿಯರು ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನ ನೋಡಲು ಕಾರಿನಲ್ಲಿ ಹತ್ತುವ ದಾರಿಗಳಲ್ಲಿ ಇದೂ ಒಂದು. ಕಿಟಕಿಯಿಂದ ಕೈ ಚಾಚಿದರೆ ನೀರು ಸಿಗುತ್ತದೇನೋ ಅನ್ನಿಸುವ ದಾರಿ.

1976ರ ಜುಲೈ 31 ಶನಿವಾರ. ಮರುದಿನ ಕೊಲರಾಡೊ ರಾಜ್ಯಕ್ಕೆ ನೂರು ತುಂಬುವ ಹಬ್ಬ. ಕಣಿವೆಯ ಲಾಡ್ಜು, ಡೇರೆ, ನದಿಯಂಚಿನ ಬಾಡಿಗೆ ಮನೆಗಳಲ್ಲಿ ಸಾವಿರಾರು ಮಂದಿ ತುಂಬಿದ್ದರು. ಗುಡುಗುಮಳೆ ಬರಬಹುದು ಎಂಬುದು ಮುನ್ಸೂಚನೆಯಲ್ಲಿತ್ತು. ಅಲ್ಲಿ ಬೇಸಿಗೆಯ ಸಂಜೆ ಗುಡುಗದಿದ್ದರೇ ಆಶ್ಚರ್ಯ.

ಅಂದು ಬಯಲಿನ ಕಡೆಯಿಂದ, ಪೂರ್ವದಿಂದ, ತೇವದ ಗಾಳಿ ಬೆಟ್ಟಕ್ಕೆ ಒತ್ತುತ್ತಿತ್ತು. ಮೇಲಿನ ಗಾಳಿಯಲ್ಲಿ ಕಸುವಿರಲಿಲ್ಲ. ಸಂಜೆ ಆರರ ನಂತರ ಕಣಿವೆಯ ಮೇಲ್ಭಾಗದಲ್ಲಿ ಮೋಡ ಕಟ್ಟಿತು, ಅಲ್ಲೇ ನಿಂತಿತು. ಅದರ ತಲೆ ಹದಿನೆಂಟು ಕಿಲೋಮೀಟರ್ ಎತ್ತರ ಮುಟ್ಟಿತು. ಗ್ಲೆನ್ ಕಂಫರ್ಟ್ ಎಂಬಲ್ಲಿ ಏಳೂವರೆಯಿಂದ ಎಂಟೂ ನಲವತ್ತರ ನಡುವೆ ಬಿದ್ದ ಮಳೆ ಏಳೂವರೆ ಇಂಚು. ನಾಲ್ಕೈದು ಗಂಟೆಯಲ್ಲಿ ಬಿದ್ದದ್ದು ಸುಮಾರು ಹನ್ನೆರಡು ಇಂಚು, 300 ಮಿಲಿಮೀಟರ್.

ಎಸ್ಟೆಸ್ ಪಾರ್ಕ್‌ನಲ್ಲಿ ಅಂಥ ಮಳೆಯಾಗಲಿಲ್ಲ. ಕೆಳಗೆ ಲವ್‌ಲ್ಯಾಂಡ್‌ನಲ್ಲೂ ಇಲ್ಲ. ಮೇಲಿನ ಅಣೆಕಟ್ಟಿಗೆ ಏನೂ ಆಗಲಿಲ್ಲ. ಅದಕ್ಕಿಂತ ಕೆಳಗೆ ಬಿದ್ದ ಮಳೆಯೇ ಪ್ರಳಯಕ್ಕೆ ಸಾಕಾಯಿತು. ಕಣಿವೆಯ ಕೆಳ ತುದಿಯಲ್ಲಿ ಊಟಕ್ಕೆ ಕೂತವರಿಗೆ ಮೇಲೆ ಮಿಂಚು ಕಂಡಿರಬಹುದು, ಅಷ್ಟೆ.

ರಾತ್ರಿ ಒಂಬತ್ತರ ಹೊತ್ತಿಗೆ ನದಿ ಗೋಡೆಯಾಗಿ ಇಳಿಯಿತು. ಕಣಿವೆಯ ಬಾಯಲ್ಲಿ 31,200 ಕ್ಯೂಸೆಕ್. ಅಲ್ಲಿಯವರೆಗೆ ದಾಖಲಾಗಿದ್ದ ಅತಿ ದೊಡ್ಡ ಪ್ರವಾಹದ ನಾಲ್ಕು ಪಟ್ಟಿಗೂ ಹೆಚ್ಚು. ಮನೆಯಷ್ಟು ದೊಡ್ಡ ಬಂಡೆಗಳು ಉರುಳಿದವು. 418 ಮನೆಗಳು ನಾಶವಾದವು. ಹೆದ್ದಾರಿಯ ಬಹುಭಾಗ ಇದ್ದ ಗುರುತೂ ಉಳಿಯಲಿಲ್ಲ. ಸತ್ತವರು 144 ಮಂದಿ.

ಅವರಲ್ಲಿ ಇಬ್ಬರು ಪೊಲೀಸರು. ರಾಜ್ಯ ಗಸ್ತು ಪಡೆಯ ಸಾರ್ಜೆಂಟ್ ಹ್ಯೂ ಪರ್ಡಿ ಮತ್ತು ಎಸ್ಟೆಸ್ ಪಾರ್ಕ್‌ನ ಅಧಿಕಾರಿ ಮೈಕೆಲ್ ಕಾನ್ಲಿ. ಜನರನ್ನು ಎಬ್ಬಿಸಿ ಹೊರಡಿಸುತ್ತ ಕಣಿವೆಯಲ್ಲಿ ಉಳಿದು ತಾವೇ ಹೋದರು. ಅಂದು ಎಷ್ಟೋ ಮನೆಗಳಿಗೆ ಎಚ್ಚರಿಕೆ ಅಂತ ತಲುಪಿದ್ದು ಇಂಥವರು ಬಾಗಿಲು ಬಡಿದ ಸದ್ದಿನ ರೂಪದಲ್ಲಿ. ಹವಾಮಾನದ ಬಗ್ಗೆ ಬರೆಯುವಾಗೆಲ್ಲ ಈ ಇಬ್ಬರು ನನಗೆ ನೆನಪಾಗುತ್ತಾರೆ.

ರೇಡಾರಿಗೆ ಕಾಣದ್ದು

ಆಗ ರೇಡಾರ್ ಇರಲಿಲ್ಲವೇ? ಇತ್ತು, ಬಯಲಿನಲ್ಲಿ ಬಹು ದೂರದ ಲೈಮನ್ ಎಂಬ ಊರಿನಲ್ಲಿ. ಮಳೆಯ ಬಿರುಸನ್ನು ಅದು ಬಹಳ ಕಡಿಮೆ ಅಂದಾಜು ಮಾಡಿತು.

ಇದರಲ್ಲಿ ಯಂತ್ರದ ತಪ್ಪಿಗಿಂತ ಭೂಮಿಯ ಆಕಾರದ ಪಾಲು ದೊಡ್ಡದು. ರೇಡಾರ್ ಕಿರಣ ನೇರವಾಗಿ ಹೋಗುತ್ತದೆ, ಭೂಮಿ ಕೆಳಕ್ಕೆ ಬಾಗುತ್ತದೆ. ನೂರೈವತ್ತು ಕಿಲೋಮೀಟರ್ ದಾಟುವಷ್ಟರಲ್ಲಿ ಕಿರಣ ನೆಲದಿಂದ ಎರಡು ಕಿಲೋಮೀಟರಿಗೂ ಮೇಲಿರುತ್ತದೆ. ಅದರ ಅಡಿಯಲ್ಲಿ ಏನು ನಡೆದರೂ ಅದಕ್ಕೆ ಕಾಣದು. ನಡುವೆ ಬೆಟ್ಟವೊಂದು ಅಡ್ಡ ಬಂದರಂತೂ ಬೆಟ್ಟದಾಚೆಗೆ ಪೂರ್ತಿ ಕುರುಡು. ಇವತ್ತಿನ ಡಾಪ್ಲರ್ ರೇಡಾರ್‌ಗಳು ಗಾಳಿಯ ವೇಗವನ್ನೂ ಹನಿಯ ಆಕಾರವನ್ನೂ ಅಳೆಯುತ್ತವೆ. ಭೂಮಿ ಬಾಗುವುದು ಮಾತ್ರ ಬದಲಾಗಿಲ್ಲ. ಘಟ್ಟದ ಸಂದುಗೊಂದುಗಳಿಗೆ ಹತ್ತಿರ ಹತ್ತಿರ ಸಣ್ಣ ರೇಡಾರ್ ಬೇಕು ಎಂಬ ಒತ್ತಾಯ ಬರುವುದು ಈ ಕಾರಣಕ್ಕೆ, ಅದು ನ್ಯಾಯವಾದ ಒತ್ತಾಯ.

ದುರಂತದ ನಂತರ ಹವಾಮಾನ ವಿಜ್ಞಾನಿ ರಾಬರ್ಟ್ ಮ್ಯಾಡಕ್ಸ್ ಮತ್ತು ಜೊತೆಯವರು ಅಂದಿನ ಆಕಾಶದ ನಕ್ಷೆಗಳನ್ನು ಬಿಡಿಸಿ ನೋಡಿದರು. ಅದರ ಪಕ್ಕದಲ್ಲಿ ಇನ್ನೊಂದು ನಕ್ಷೆ ಇಟ್ಟರು. 1972ರ ಜೂನ್ 9ರಂದು ದಕ್ಷಿಣ ಡಕೋಟದ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳ ಬುಡದಲ್ಲಿ ರ‍್ಯಾಪಿಡ್ ಸಿಟಿ ಮುಳುಗಿ 238 ಮಂದಿ ಸತ್ತ ದಿನದ ನಕ್ಷೆ ಅದು. ಎರಡರ ಮುಖಲಕ್ಷಣ ಒಂದೇ. ಬಯಲಿನಿಂದ ಬೆಟ್ಟಕ್ಕೆ ಒತ್ತುವ ತೇವದ ಗಾಳಿ, ಮೇಲೆ ದುರ್ಬಲ ಗಾಳಿ, ಕದಲದ ಮೋಡ. ನಾಲ್ಕು ವರ್ಷದ ಅಂತರದಲ್ಲಿ ಒಂದೇ ಮಾದರಿ ಎರಡು ಸಲ ಬಂದಿತ್ತು.

ಇಪ್ಪತ್ತು ವರ್ಷದ ಬಳಿಕ, 1996ರಲ್ಲಿ, ಚಾರ್ಲ್ಸ್ ಡಾಸ್ವೆಲ್ ಮತ್ತು ಹೆರಾಲ್ಡ್ ಬ್ರೂಕ್ಸ್ ಜೊತೆ ಸೇರಿ ಮ್ಯಾಡಕ್ಸ್ ಇದನ್ನು ಒಂದು ಕ್ರಮವಾಗಿ ಬರೆದಿಟ್ಟರು. ಅಡುಗೆಗೆ ಸಾಮಾನು ಹೊಂದಿಸಿದ ಹಾಗೆ ಪ್ರವಾಹದ ಸಾಮಾನನ್ನು ಒಂದೊಂದಾಗಿ ಎಣಿಸುವ ಕ್ರಮ ಅದು. ತೇವ ಎಷ್ಟು, ಎತ್ತುವವರು ಯಾರು, ಮೋಡ ಎಷ್ಟು ಹೊತ್ತು ನಿಲ್ಲುತ್ತದೆ, ಕೆಳಗಿನ ನೆಲ ಎಂಥದು. ಇವತ್ತಿಗೂ ಬೆಟ್ಟದ ಬುಡದ ಮುನ್ಸೂಚಕರು ಬೆಳಿಗ್ಗೆ ಎದ್ದು ಕೇಳಿಕೊಳ್ಳುವ ಪ್ರಶ್ನೆಗಳು ಇವೇ.

ಕಾರು ಬಿಟ್ಟವರು ಬದುಕಿದರು

ಇಷ್ಟು ಆಕಾಶದ ಪಾಠ. ನೆಲದ ಪಾಠವನ್ನು ಹುಡುಕಿದವರು ಈವ್ ಗ್ರಂಟ್‌ಫೆಸ್ಟ್ ಎಂಬ ಯುವ ಭೂಗೋಳ ವಿದ್ಯಾರ್ಥಿನಿ.

ಆ ರಾತ್ರಿ ಜನ ಏನು ಮಾಡಿದರು ಎಂಬುದು ಅವರ ಪ್ರಶ್ನೆಯಾಗಿತ್ತು. ಬದುಕುಳಿದವರನ್ನು ಮಾತಾಡಿಸಿದರು, ಸತ್ತವರು ಕೊನೆಗೆ ಎಲ್ಲಿದ್ದರೆಂದು ಕೂಡಿಸಿ ನೋಡಿದರು. 1977ರಲ್ಲಿ ಬಂದ ಅವರ ವರದಿ ಹೇಳಿದ್ದು ಕೇಳಲು ಸರಳ. ಹೆಚ್ಚಿನವರಿಗೆ ಅಧಿಕೃತ ಎಚ್ಚರಿಕೆಯೇ ತಲುಪಿರಲಿಲ್ಲ. ಕಾರಿನಲ್ಲಿ ಕಣಿವೆಯಿಂದ ಹೊರಗೆ ಓಡಲು ನೋಡಿದವರಲ್ಲಿ ಬಹಳ ಮಂದಿ ಸತ್ತರು. ಕಾರು ಬಿಟ್ಟು, ಸಾಮಾನು ಬಿಟ್ಟು, ಪಕ್ಕದ ಗುಡ್ಡ ಹತ್ತಿದವರು ಬದುಕಿದರು. ಎಷ್ಟೋ ಕಡೆ ಹತ್ತಬೇಕಾಗಿದ್ದದ್ದು ಒಂದೆರಡು ಮಹಡಿಯಷ್ಟು ಎತ್ತರ.

ನದಿಯ ಜೊತೆ ಓಟಕ್ಕೆ ನಿಂತವನು ಕಣಿವೆಯುದ್ದಕ್ಕೂ ಓಡಬೇಕು. ಪಕ್ಕಕ್ಕೆ ತಿರುಗಿ ಹತ್ತಿದವನಿಗೆ ಮೂವತ್ತು ನಲವತ್ತು ಹೆಜ್ಜೆ ಸಾಕು. ಇದನ್ನು ಕಾಗದದ ಮೇಲೆ ಓದುವಾಗ ಯಾರಿಗೂ ಹೊಳೆಯುತ್ತದೆ. ಕತ್ತಲಲ್ಲಿ, ಮಳೆಯಲ್ಲಿ, ಹೆಂಡತಿ ಮಕ್ಕಳು ಕಾರಿನಲ್ಲಿ ಕೂತಿರುವಾಗ ಕೀಲಿ ತಿರುವುವ ಕೈಯನ್ನು ತಡೆಯುವುದು ಸುಲಭವಲ್ಲ. ಅದಕ್ಕೇ ಅದನ್ನು ಮೊದಲೇ ಬರೆದು ನಿಲ್ಲಿಸಿದರು. ಪ್ರವಾಹ ಬಂದರೆ ಮೇಲಕ್ಕೆ ಹತ್ತಿ ಎಂಬ ಫಲಕಗಳು ಕೊಲರಾಡೊದ ಕಣಿವೆ ರಸ್ತೆಗಳ ಉದ್ದಕ್ಕೂ ಇವೆ. ನದಿ, ಓರೆಯಾದ ಗುಡ್ಡ, ಹತ್ತುತ್ತಿರುವ ಒಬ್ಬ ಮನುಷ್ಯನ ಚಿತ್ರ.

ನಮ್ಮ ಚಾರ್ಮಾಡಿ, ಶಿರಾಡಿ, ಆಗುಂಬೆ ಘಟ್ಟಗಳಲ್ಲಿ ‘ನಿಧಾನವಾಗಿ ಚಲಿಸಿ’ ಫಲಕಕ್ಕೆ ಕೊರತೆಯಿಲ್ಲ. ಜಲಪಾತಗಳ ಬಳಿ ‘ನೀರಿಗೆ ಇಳಿಯಬೇಡಿ’ ಎಂದೂ ಬರೆದಿರುತ್ತಾರೆ. ಇಳಿದವರಿಗೆ, ಹೊಳೆ ಏರಿದಾಗ ಯಾವ ಕಡೆ ಹತ್ತಬೇಕೆಂದು ಬಾಣ ತೋರಿಸುವ ಒಂದು ಫಲಕ ನಾನು ಇದುವರೆಗೆ ಕಂಡಿಲ್ಲ. ತಗಡು, ಬಣ್ಣ, ಎರಡು ಕಂಬ. ಇದಕ್ಕೆ ಉಪಗ್ರಹ ಬೇಕಾಗಿಲ್ಲ.

> ಹೊಳೆ ಹೇಳುವ ಮಾತು
>
> ತಿಳಿನೀರು ಕದಡಿ ಬಣ್ಣ ತಿರುಗಿದರೆ, ತರಗೆಲೆ, ಕಡ್ಡಿ, ನೊರೆ ಒಮ್ಮೆಲೇ ತೇಲಿ ಬಂದರೆ, ನೀರಿನೊಳಗೆ ಕಲ್ಲು ಉರುಳುವ ಸದ್ದು ಕೇಳಿದರೆ ಚಪ್ಪಲಿ, ಬ್ಯಾಗು ಹುಡುಕದೆ ಹತ್ತಬೇಕು.
>
> ಹರಿವ ನೀರು 15 ಸೆಂ.ಮೀ. ಆಳವಿದ್ದರೂ ದೊಡ್ಡವರನ್ನು ಕೆಡವಬಲ್ಲದು. 30 ಸೆಂ.ಮೀ. ನೀರು ಸಣ್ಣ ಕಾರನ್ನು ತೇಲಿಸುತ್ತದೆ. 60 ಸೆಂ.ಮೀ. ಇದ್ದರೆ ಹೆಚ್ಚಿನ ವಾಹನಗಳು ಕೊಚ್ಚಿಹೋಗುತ್ತವೆ.
>
> ನೀರಿನ ವೇಗ ಎರಡು ಪಟ್ಟಾದರೆ ಅದರ ತಳ್ಳುವ ಬಲ ನಾಲ್ಕು ಪಟ್ಟು.

ಇಂಚು ಮತ್ತು ಸೆಂಟು

ಅದೇ ಬೆಟ್ಟಸಾಲಿನ ಬುಡದ ಇನ್ನೊಂದು ಊರು ಫೋರ್ಟ್ ಕಾಲಿನ್ಸ್. 1997ರ ಜುಲೈ 28. ಊರಿನ ನೈಋತ್ಯ ಮೂಲೆಯಲ್ಲಿ ಒಂದೂಕಾಲು ದಿನದಲ್ಲಿ 14 ಇಂಚಿಗೂ ಹೆಚ್ಚು ಮಳೆ ಬಿತ್ತು. ಅದೇ ಊರಿನ ಆಚೆ ಬದಿಯಲ್ಲಿ ಅದರ ಸಣ್ಣ ಪಾಲೂ ಬೀಳಲಿಲ್ಲ. ಐವರು ಸತ್ತರು. ಕೊಲರಾಡೊ ರಾಜ್ಯ ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಗೆ ನೀರು ನುಗ್ಗಿ ಲಕ್ಷಾಂತರ ಪುಸ್ತಕಗಳು ನೆನೆದು ಮುದ್ದೆಯಾದವು.

ಅದೇ ವಿಶ್ವವಿದ್ಯಾಲಯದ ಹವಾಮಾನ ತಜ್ಞ ನೋಲನ್ ಡೋಸ್ಕೆನ್ ಅವರಿಗೆ ಒಂದು ಯೋಚನೆ ಬಂತು. ಸರ್ಕಾರದ ಮಾಪಕಗಳ ನಡುವಿನ ಖಾಲಿ ಜಾಗದಲ್ಲಿ ಇಂಥ ಮಳೆ ಬಿದ್ದರೆ ಯಾರಿಗೆ ಗೊತ್ತಾಗಬೇಕು? 1998ರಲ್ಲಿ ಅವರು ಊರಿನವರ ಕೈಗೇ ಮಳೆಮಾಪಕ ಕೊಟ್ಟರು. ನಾಲ್ಕಿಂಚು ವ್ಯಾಸದ ಪ್ಲಾಸ್ಟಿಕ್ ಕೊಳವೆ. ಬೆಳಿಗ್ಗೆ ನೋಡಿ ಅಂಕಿ ಕಳಿಸುವುದು ಕೆಲಸ. ಇವತ್ತು ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಮೇಷ್ಟರುಗಳು, ರೈತರು, ಮನೆಯೊಡತಿಯರು ಈ ಜಾಲದಲ್ಲಿ ಮಳೆ ಅಳೆಯುತ್ತಾರೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಕಾಫಿ ತೋಟಗಳು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ತಲೆತಲಾಂತರದಿಂದ ಮಳೆ ಅಳೆದು ಬರೆದಿಡುವ ಮನೆಗಳಿವೆ. ಅಲ್ಲಿ ಇವತ್ತಿಗೂ ಮಿಲಿಮೀಟರ್ ಇಲ್ಲ. ‘ಎಷ್ಟಾಯ್ತು?’ ಎಂದರೆ ‘ಒಂದಿಂಚು ಇಪ್ಪತ್ತು ಸೆಂಟು’ ಎಂಬ ಉತ್ತರ ಬರುತ್ತದೆ. ಇಂಚಿನ ನೂರನೇ ಒಂದು ಭಾಗಕ್ಕೆ ಒಂದು ಸೆಂಟು. ಹೂಮಳೆಯಲ್ಲಿ ಇಪ್ಪತ್ತು ಸೆಂಟು ಹೆಚ್ಚು ಕಡಿಮೆಯಾದರೆ ವರ್ಷದ ಫಸಲೇ ಬದಲಾಗುವ ಬೆಳೆ ಅದು, ಹಾಗಾಗಿ ಅಳತೆಯಲ್ಲಿ ಅಸಡ್ಡೆ ಇಲ್ಲ. ಮೊದಲು ಡೈರಿಯಲ್ಲಿ ಉಳಿಯುತ್ತಿದ್ದ ಅಂಕಿ ಈಗ ಬೆಳಿಗ್ಗೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತದೆ. ಘಟ್ಟದ ತಲೆಯ ಮೇಲೆ ಕೂತಿರುವ ಈ ಮನೆಗಳು ಬುಡದವರ ಪಾಲಿಗೆ ಕಾವಲು ಗೋಪುರ ಆಗಬಲ್ಲವು. ಇಂಥ ಆಸ್ತಿ ಕೊಲರಾಡೊದಲ್ಲಿ ಹೊಸದಾಗಿ ಕಟ್ಟಬೇಕಾಯಿತು, ನಮ್ಮಲ್ಲಿ ಅಜ್ಜನ ಕಾಲದಿಂದ ಇದೆ.

ಸರ್ಕಾರದ ಕಡೆಯಿಂದಲೂ ಕರ್ನಾಟಕ ಹಿಂದೆ ಬಿದ್ದಿಲ್ಲ. 1988ರಲ್ಲಿ ಬರ ಗಮನಿಸುವ ಘಟಕವಾಗಿ ಶುರುವಾಗಿ ಇಂದು ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಸುಮಾರು 6,500 ಟೆಲಿಮೆಟ್ರಿಕ್ ಮಳೆಮಾಪಕಗಳನ್ನು ನೆಟ್ಟಿದೆ. ಹೆಚ್ಚುಕಡಿಮೆ ಪಂಚಾಯಿತಿಗೆ ಒಂದು. ಹದಿನೈದು ನಿಮಿಷಕ್ಕೊಮ್ಮೆ ಅಂಕಿ ತಾನಾಗಿ ಬರುತ್ತದೆ. ದೇಶದಲ್ಲಿ ಬೇರೆ ರಾಜ್ಯಗಳು ಬಂದು ನೋಡಿಹೋಗಬೇಕಾದ ಕೆಲಸ ಇದು.

ಒಂದು ಕೊರತೆ ಮಾತ್ರ ಬೆಟ್ಟದ ಬುಡಕ್ಕೆ ದುಬಾರಿಯಾಗುತ್ತದೆ. ಮಾಪಕ ಇರುವುದು ಪಂಚಾಯಿತಿ ಇರುವಲ್ಲಿ, ಅಂದರೆ ಜನ ಇರುವಲ್ಲಿ. ಹೊಳೆ ಹುಟ್ಟುವುದು ಜನ ಇಲ್ಲದ ಕಾಡಿನಲ್ಲಿ. ಮೇಲೆ ಮೂರಿಂಚು ಸುರಿದು ಕೆಳಗಿನ ಮಾಪಕ ಸೊನ್ನೆ ತೋರಿಸುತ್ತಿರುವಾಗ ನೀರು ಆಗಲೇ ದಾರಿಯಲ್ಲಿರುತ್ತದೆ.

ಅಂಥ ಕಡೆ ಸಿಡಿಲೇ ಸುದ್ದಿ ತರುತ್ತದೆ. ಸಿಡಿಲಿನ ರೇಡಿಯೊ ಅಲೆ ಬೆಟ್ಟ ದಾಟಿ ಬರುತ್ತದೆ. ಅದನ್ನು ಹಿಡಿಯುವ ಸಂವೇದಕಗಳ ಜಾಲದಿಂದ ಮೋಡ ಯಾವ ಗುಡ್ಡದ ಮೇಲಿದೆ ಎಂದು ನಿಮಿಷಗಳಲ್ಲಿ ತಿಳಿಯುತ್ತದೆ. ರಾಜ್ಯದ ‘ಸಿಡಿಲು’ ಆ್ಯಪ್, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಇದನ್ನೇ ತೋರಿಸುವುದು. ಸಿಡಿಲಿನಿಂದ ತಪ್ಪಿಸಿಕೊಳ್ಳಲೆಂದು ಮಾಡಿದ ಆ್ಯಪ್ ಹೊಳೆಯಲ್ಲಿ ಇರುವವನಿಗೂ ಆದೀತು. ಮೇಲಿನ ಗುಡ್ಡದ ಮೇಲೆ ಅರ್ಧ ಗಂಟೆಯಿಂದ ಚುಕ್ಕಿಗಳು ಕದಲದೆ ಒತ್ತೊತ್ತಾಗಿ ಬೀಳುತ್ತಿದ್ದರೆ ಮೋಡ ಅಲ್ಲೇ ಕೂತಿದೆ ಎಂದು ತಿಳಿಯಬೇಕು.

ಇನ್ನೊಂದು ಹೆಜ್ಜೆ 2020ರ ಅಕ್ಟೋಬರ್‌ನಲ್ಲಿ ಬಂತು. ಭಾರತೀಯ ಹವಾಮಾನ ಇಲಾಖೆ ದಕ್ಷಿಣ ಏಷ್ಯಾಕ್ಕೆಂದು ದಿಢೀರ್ ಪ್ರವಾಹ ಮಾರ್ಗದರ್ಶಿ ವ್ಯವಸ್ಥೆ ಶುರುಮಾಡಿತು. ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾಗಳಿಗೂ ಅದರ ಸೇವೆ ಇದೆ. ಅದು ಕೇಳಿಕೊಳ್ಳುವ ಪ್ರಶ್ನೆ ನನಗೆ ಬಹಳ ಹಿಡಿಸಿತು. ಎಷ್ಟು ಮಳೆ ಬರುತ್ತದೆ ಎಂದು ಅದು ಮೊದಲು ಕೇಳುವುದಿಲ್ಲ. ಈ ಹಳ್ಳದ ಮಣ್ಣು ಈಗ ಎಷ್ಟು ಕುಡಿದಿದೆ, ಇನ್ನೆಷ್ಟು ಮಳೆ ಬಿದ್ದರೆ ಹಳ್ಳ ದಡ ಮುಟ್ಟುತ್ತದೆ ಎಂದು ಲೆಕ್ಕ ಹಾಕುತ್ತದೆ. ಆಮೇಲೆ ಬರುವ ಮಳೆಯನ್ನು ಅದರ ಪಕ್ಕದಲ್ಲಿಟ್ಟು ನೋಡುತ್ತದೆ. ಮುಂದಿನ ಆರು ಗಂಟೆಗೆ ಒಂದು ಎಚ್ಚರಿಕೆ, ಇಪ್ಪತ್ನಾಲ್ಕು ಗಂಟೆಗೆ ಇನ್ನೊಂದು.

ಹಾಗಾದರೆ ಉಳಿದದ್ದೇನು? ನಾವು ಟಿ.ವಿ.ಯಲ್ಲಿ ಕಾಣುವ ಹಳದಿ, ಕಿತ್ತಳೆ, ಕೆಂಪು ಬಣ್ಣ ಇವತ್ತಿಗೂ ಇಡೀ ಜಿಲ್ಲೆಗೆ ಬಳಿದ ಬಣ್ಣ. ದಕ್ಷಿಣ ಕನ್ನಡ ನಾಲ್ಕೂವರೆ ಸಾವಿರ ಚದರ ಕಿಲೋಮೀಟರಿಗೂ ದೊಡ್ಡದು. ಪಣಂಬೂರಿನ ಮರಳಿಗೂ ಕುಮಾರಪರ್ವತದ ಬುಡಕ್ಕೂ ಒಂದೇ ಹಳದಿ. ಹತ್ತು ಸಲ ಹಳದಿ ನೋಡಿ ಹತ್ತು ಸಲವೂ ತನ್ನ ಊರಲ್ಲಿ ಬಿಸಿಲೇ ಇದ್ದದ್ದನ್ನು ಕಂಡವನು ಹನ್ನೊಂದನೇ ಸಲ ನಂಬುವುದಿಲ್ಲ. ಆತನನ್ನು ದೂರಲಾರೆ.

ನಾನು ಬೇಡುವುದು ದೊಡ್ಡದೇನಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಎರಡರ ಮೇಲೆ ಘಟ್ಟದ ತಲೆಯಲ್ಲಿ ಗುಡುಗಿದರೆ, ಬುಡದ ಪ್ರತಿ ಜಲಪಾತ, ಪ್ರತಿ ಸ್ನಾನಘಟ್ಟದಲ್ಲಿ ಒಬ್ಬರು ಸೀಟಿ ಊದಿ ಜನರನ್ನು ಹತ್ತಿಸಬೇಕು. ಊದಲು ಅವರಿಗೆ ಯಾರ ಅಪ್ಪಣೆಯೂ ಬೇಕಾಗಬಾರದು. ನೀರು ಬರದಿದ್ದರೆ ಊದಿದ್ದಕ್ಕೆ ಯಾರೂ ಅವರನ್ನು ಬೈಯಬಾರದು.

> ಪಂಚಾಂಗದ ಬೇಸಿಗೆ ಮಳೆಗಳು
>
> ಅಶ್ವಿನಿ: ಏಪ್ರಿಲ್ ನಡುವಿನಿಂದ ಕೊನೆಯ ವಾರದವರೆಗೆ. ಭರಣಿ: ಏಪ್ರಿಲ್ ಕೊನೆಯಿಂದ ಸುಮಾರು ಮೇ 10. ಕೃತ್ತಿಕೆ: ಸುಮಾರು ಮೇ 11ರಿಂದ 24. ರೋಹಿಣಿ: ಸುಮಾರು ಮೇ 25ರಿಂದ ಜೂನ್ ಮೊದಲ ವಾರ. ಸೂರ್ಯ ಒಂದು ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಕ್ಕೆ ಒಂದು ಮಳೆಯ ಹೆಸರು.

ಭಾವನ ಫೋನು

ಕೆಲವು ವರ್ಷದ ಹಿಂದೆ ಮೇ ತಿಂಗಳಲ್ಲಿ ಚಾರ್ಮಾಡಿ ಘಟ್ಟದ ಬುಡದಲ್ಲಿ, ನನ್ನ ದೊಡ್ಡಮ್ಮನ ಮಗನ ಮನೆಯಲ್ಲಿದ್ದೆ. ಅಡಿಕೆ ತೋಟದ ಅಂಚಿನಲ್ಲಿ ಸಣ್ಣ ಹೊಳೆ. ಮಧ್ಯಾಹ್ನದ ಊಟ ಮುಗಿಸಿ ಮಕ್ಕಳೆಲ್ಲ ನೀರಿಗೆ ಇಳಿದಿದ್ದರು. ಅತ್ತಿಗೆ ಒಗೆಯುವ ಕಲ್ಲಿನ ಹತ್ತಿರ ನಿಂತು ಬಟ್ಟೆ ಹಿಂಡುತ್ತಿದ್ದರು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು.

ಅತ್ತಿಗೆಯ ತಮ್ಮನ ತೋಟ ಘಟ್ಟದ ಮೇಲೆ, ಮೂಡಿಗೆರೆಯ ಕಡೆ. ಅವನ ಫೋನು ಬಂತು. ಅವರು ಸ್ಪೀಕರ್ ಹಾಕಿ ಕಲ್ಲಿನ ಮೇಲಿಟ್ಟರು.

“ಅಕ್ಕಾ, ಇಲ್ಲಿ ಜೋರು ಹೊಯ್ತಾ ಇದೆ. ಅರ್ಧ ಗಂಟೆ ಆಯ್ತು. ಮಕ್ಕಳು ಹೊಳೇಲಿದ್ರೆ ಹತ್ತಿಸ್ಕೊ.”

“ಇಲ್ಲಿ ಬಿಸಿಲುಂಟು ಮಾರಾಯ. ಒಂದು ಹನಿ ಇಲ್ಲ.”

“ಬಿಸಿಲಿದ್ರೆ ಇರ್ಲಿ. ನೀ ಹತ್ತಿಸು.”

ಅತ್ತಿಗೆ ಮರುಮಾತಾಡಲಿಲ್ಲ. ಹಿಂಡದ ಬಟ್ಟೆಯನ್ನೂ ಸೇರಿಸಿ ಬುಟ್ಟಿಗೆ ತುಂಬಿದರು. ಮಕ್ಕಳು ಮುಖ ಊದಿಸಿಕೊಂಡು ಹತ್ತಿದರು. ಅಣ್ಣ ಆಚೆ ದಡದಲ್ಲಿ ಕಟ್ಟಿದ್ದ ಹಸುವನ್ನು ಈಚೆ ತಂದ. ನಾವೆಲ್ಲ ಅಂಗಳದ ಕಟ್ಟೆಯ ಮೇಲೆ ಕೂತೆವು. ಚಹಾ ಬಂತು.

ಮುಕ್ಕಾಲು ಗಂಟೆಯಾಗಿರಬೇಕು. ಮೊದಲು ತರಗೆಲೆ ಬಂತು, ಯಾರೋ ಗುಡಿಸಿ ಹಾಕಿದ ಹಾಗೆ. ಹಿಂದೆ ನೊರೆ. ನೀರು ಬೆಲ್ಲದ ಕಾಫಿಯ ಬಣ್ಣಕ್ಕೆ ತಿರುಗಿತು. ಆಮೇಲೆ ಸದ್ದು. ನೀರಿನ ಸದ್ದಲ್ಲ, ನೀರಿನಡಿ ಕಲ್ಲು ಕಲ್ಲಿಗೆ ತಾಗುವ ಸದ್ದು, ಕೂತ ಕಟ್ಟೆಯಲ್ಲೂ ಅದರ ಅದುರು. ಬೇರು ಸಹಿತ ಬಿದಿರಿನ ಒಂದು ಮೆಳೆ ನಿಂತ ನಿಲುವಿನಲ್ಲೇ ಸಾಗಿಹೋಯಿತು. ಒಗೆಯುವ ಕಲ್ಲು ಎಲ್ಲಿತ್ತೆಂದು ಆಮೇಲೆ ಗುರುತು ಹಿಡಿಯಲಾಗಲಿಲ್ಲ. ಅಷ್ಟೂ ಹೊತ್ತು ಅಂಗಳದಲ್ಲಿ ಹರವಿದ ಹಪ್ಪಳ ಬಿಸಿಲಿಗೆ ಒಣಗುತ್ತಲೇ ಇತ್ತು.

ಮರುದಿನ ಬೆಳಿಗ್ಗೆ ಭಾವನ ಮೆಸೇಜು ಬಂತು: ಮೂರಿಂಚು ನಲವತ್ತು ಸೆಂಟು.

ಅಣ್ಣ ಅಂಗಳದ ಮೂಲೆಯ ಮಾಪಕ ಎತ್ತಿ ನೋಡಿ, ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಪೆನ್ನಿನಿಂದ ಸೊನ್ನೆ ಬರೆದ. ಅದರ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಬರೆದ: ಹೊಳೆ ಬಂತು.